ಗಂಟಿಲ್ಲದ ಕೌದಿ

ತೊಗಾಸಾವಾ ಹಳ್ಳಿ
ಶೋವಾ 31 (1956), ಅಕ್ಟೋಬರ್ 28

ಫುಸಾ,

ಶೊಕಿಚಿಯ ಕಾರ್ಡು ಬಂತು. ನಿನಗೆ ಮೂರನೇ ತಿಂಗಳಂತೆ. ದೋಣಿಯ ಎಂಜಿನ್ ರಿಪೇರಿಯಾದ ಸುದ್ದಿಯನ್ನು ಐದು ಸಾಲು ಬರೆದು, ಕೆಳಗೆ ಮೂಲೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ತುರುಕಿದ್ದಾನೆ. ಎಂಜಿನ್‌ಗೆ ಐದು, ಹೆಂಡತಿಗೆ ಒಂದು. ಅವನನ್ನು ಹೆತ್ತವಳು ನಾನೇ, ಯಾರನ್ನು ಬೈಯಲಿ?

ಹೋದ ವರ್ಷದ ಮಾತು ಎತ್ತಬಾರದು ಎಂದುಕೊಂಡೇ ಪೆನ್ಸಿಲ್ ಹಿಡಿದೆ. ಆದರೂ ಎತ್ತುತ್ತೇನೆ. ಐದನೇ ತಿಂಗಳಲ್ಲಿ ಹೋದ ಆ ಮಗುವಿಗೆ ಬೊಡೊ ಕೌದಿಯ ಮೇಲೆ ಮಲಗುವ ಯೋಗ ಬರಲಿಲ್ಲ. ಈ ಸಲ ಹಾಗಾಗಕೂಡದು. ಹಿಮ ಬೀಳುವುದಕ್ಕೆ ಮೊದಲು ಅದನ್ನು ಪೆಟ್ಟಿಗೆಯಿಂದ ತೆಗೆದು ಒಂದು ಇಡೀ ದಿನ ಬಿಸಿಲಿಗೆ ಹಾಕು. ನಿನ್ನ ಕೈಗೆ ಕೊಟ್ಟ ದಿನವೇ ಹೇಳಿದ್ದೆ, ಈ ಮನೆಯ ಆರು ತಲೆಮಾರಿನ ಹೆಂಗಸರು ಹೆತ್ತದ್ದು ಆ ಕೌದಿಯ ಮೇಲೆ. ಶೊಕಿಚಿ ಹುಟ್ಟಿದ ಕೂಡಲೇ ಅದರ ಅಂಚನ್ನು ಬಾಯಿಗೆ ಹಾಕಿಕೊಂಡ. ನಮ್ಮ ಮಗಳು ಮೀನೆಯ ಮೂರು ಮಕ್ಕಳೂ ಅದರ ಮೇಲೆಯೇ ಬಿದ್ದವು. ಹುಟ್ಟುವ ಕೂಸಿಗೆ ಮೊದಲು ತಗಲುವುದು ಅಜ್ಜಿಯರು ಉಟ್ಟು ಸವೆಸಿದ ಬಟ್ಟೆಯಾಗಬೇಕು. ಆಗ ಅದಕ್ಕೆ, ತಾನು ಬೇರೆಯವರ ಮನೆಗೆ ಬಂದಿಲ್ಲ ಎಂದು ಧೈರ್ಯವಾಗುತ್ತದೆ.

ಎಂಟನೇ ತಿಂಗಳಲ್ಲಿ ನಾನು ಬರುತ್ತೇನೆ. ಹೆರಿಗೆಗೆ ಮೊದಲು ಅತ್ತೆಯ ಕೈಯಿಂದ ಒಂದು ತೇಪೆ ಬೀಳಬೇಕು, ಅದು ಪದ್ಧತಿ. ಭಾರ ಎತ್ತಬೇಡ. ಮೀನು ಕಾರ್ಖಾನೆಯ ಕೆಲಸ ಬಿಡು. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಎಂದು ನಗಬೇಡ.

ಟೊಮೆ

*

ಹಚಿನೊಹೆ ಬಂದರು
ನವೆಂಬರ್ 9

ಅತ್ತೆಯವರಿಗೆ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆದು ಹೊಲಿಗೆ ಪೆಟ್ಟಿಗೆಯ ತಳದಲ್ಲಿ ಇಡುತ್ತೇನೆ. ಬರೆಯದೇ ಇರಲು ಮಾತ್ರ ನನ್ನಿಂದ ಆಗುವುದಿಲ್ಲ.

ಬೊಡೊ ನನ್ನ ಹತ್ತಿರ ಇಲ್ಲ.

ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವಸಂತದಲ್ಲಿ ಅದನ್ನು ಮನೆಯ ಮುಂದಿನ ಬಿದಿರು ಗಳುವಿಗೆ ಒಣಗಹಾಕಿದ್ದೆ. ಸಾಲುಮನೆಯ ಹೆಂಗಸರೆಲ್ಲ ನೀರಿನ ಪಂಪಿನ ಹತ್ತಿರ ಸೇರಿದ್ದರು. ಪಕ್ಕದ ಮನೆಯ ಹಮಾದಾ ಅಕ್ಕ ಸೊಂಟಕ್ಕೆ ಕೈಕೊಟ್ಟು, "ಏನೇ ಫುಸಾ, ಬಡತನಾನೂ ಬಿಸಿಲಿಗೆ ಹಾಕ್ತೀರೇನೇ ನಿಮ್ ಬೆಟ್ಟದ ಕಡೆ? ಬೇಗ ಒಳಗೆ ತಗೊಂಡ್ಹೋಗೇ, ನಮ್ಮನೇಗೂ ಅಂಟ್ಕೊಂಡೀತು!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ನನಗೆ ಈಗ ಹೆಚ್ಚು ಉರಿಯುವುದು, ನಾನೂ ನಕ್ಕದ್ದು.

ಮರುವಾರ ಚಿಂದಿ ಕೊಳ್ಳುವವನ ಗಾಡಿ ಬಂತು. ಅವನು ಬೊಡೊವನ್ನು ಕೈಯಲ್ಲಿ ತೂಗಿ ನೋಡಿ, "ಹತ್ತಿ ಒಳ್ಳೆ ಮೆತ್ತಗಾಗಿದೆ ಕಣಮ್ಮ. ದೋಣಿ ಎಂಜಿನ್ ಒರೆಸೋಕೆ ಇದಕ್ಕಿಂತ ಬೇಕಾ?" ಅಂದ. ಬದಲಿಗೆ ಎರಡು ಹೊಸ ಬಟ್ಟಲು ಕೊಟ್ಟ. ನೀಲಿ ಅಂಚಿನವು. ಈಗಲೂ ನಿಮ್ಮ ಮಗ ಅದರಲ್ಲೇ ಸಾರು ಕುಡಿಯುತ್ತಾರೆ.

ಮಗು ಹೋದ ಮೇಲೆ ನಾನು ಬಂದರಿನ ಚಿಂದಿ ಗೋದಾಮಿಗೆ ಹೋದೆ. ಗುಡ್ಡದ ಹಾಗೆ ರಾಶಿ ಬಿದ್ದಿತ್ತು. ಒಂದು ದಿನವೆಲ್ಲ ಕೆದಕಿದೆ. ಅಲ್ಲಿಯ ಯಜಮಾನ, "ಹೋದ್ವರ್ಷದ್ದಾ? ಅದು ಅಷ್ಟೊತ್ತಿಗೇ ಹತ್ತು ದೋಣಿ ಒರೆಸಿ ಸಮುದ್ರ ಸೇರಿರತ್ತೆ, ಮನೆಗೆ ಹೋಗಿ ತಾಯೀ" ಅಂದ.

ಆರು ತಲೆಮಾರಿನ ಅಜ್ಜಿಯರನ್ನು ನಾನು ಎರಡು ಬಟ್ಟಲಿಗೆ ಕೊಟ್ಟೆ. ಅದಕ್ಕೇ ಆ ಮಗು ನಿಲ್ಲಲಿಲ್ಲ. ಇದು ನಿಲ್ಲುತ್ತದೆಯೇ? ಯಾರನ್ನು ಕೇಳಲಿ?

ಫುಸಾ

*

ಹಚಿನೊಹೆ
ನವೆಂಬರ್ 12

ಅತ್ತೆಯವರಿಗೆ ಸೊಸೆಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅದರ ಜೊತೆ ಬಂದ ಒಣ ಪರ್ಸಿಮನ್ ಹಣ್ಣುಗಳಲ್ಲಿ ಅರ್ಧ ನಿಮ್ಮ ಮಗನೇ ತಿಂದರು. ಕಾರ್ಖಾನೆಯ ಕೆಲಸ ಬಿಟ್ಟಿದ್ದೇನೆ. ವಾಕರಿಕೆ ಇದೆ, ಆದರೆ ತಡೆಯುವಷ್ಟಿದೆ.

ನೀವು ಹೇಳಿದಂತೆ ಬೊಡೊವನ್ನು ಬಿಸಿಲಿಗೆ ಹಾಕಿದೆ. ಚೆನ್ನಾಗಿಯೇ ಇದೆ. ಎಡಗಡೆಯ ಅಂಚು ಮಾತ್ರ ಸ್ವಲ್ಪ ಸವೆದಿದೆ. ನೀವು ಬರುವುದರೊಳಗೆ ನಾನೇ ಸರಿಮಾಡಿ ಇಡೋಣ ಎಂದುಕೊಂಡೆ. ನಾನು ಕಲಿತದ್ದು ಪಟ್ಟಣದ ಹೊಲಿಗೆ ಶಾಲೆಯಲ್ಲಿ, ಸ್ಕರ್ಟು ಬ್ಲೌಸುಗಳ ಹೊಲಿಗೆ. ಹಳೆಯ ಬಟ್ಟೆಗೆ ಹಳೆಯ ಬಟ್ಟೆ ಸೇರಿಸುವುದು ಹೇಗೆ ಎಂದು ದಯವಿಟ್ಟು ಬರೆಯಿರಿ. ದಾರ ಯಾವುದು, ಹೊಲಿಗೆ ಎಷ್ಟು ದೊಡ್ಡದು, ಎಲ್ಲವನ್ನೂ ಬರೆಯಿರಿ. ನನ್ನ ದಡ್ಡತನವನ್ನು ಕ್ಷಮಿಸಿ.

ನಿಮ್ಮ ಸೊಸೆ
ಫುಸಾ

*

ತೊಗಾಸಾವಾ
ನವೆಂಬರ್ 30

ಫುಸಾ,

ಉತ್ತರ ತಡವಾಯಿತು. ಹಲ್ಲುನೋವು.

ಕೇಳಿದ್ದೀಯ, ಹೇಳುತ್ತೇನೆ. ಕತ್ತರಿ ಮುಟ್ಟಬೇಡ. ಸವೆದ ಜಾಗವನ್ನು ಕತ್ತರಿಸಿ ಎಸೆಯುವುದು ಪಟ್ಟಣದವರ ಬುದ್ಧಿ. ಸವೆದದ್ದರ ಹಿಂದೆ ಇನ್ನೊಂದು ಸವೆದ ತುಂಡನ್ನೇ ಇಡು. ಹೊಸ ಬಟ್ಟೆ ಇಟ್ಟರೆ ಅದು ತನ್ನ ಬಿಗಿ ಬಿಡದೆ ಹಳೆಯದನ್ನು ಎಳೆದು ಹರಿಯುತ್ತದೆ, ಹೊಸ ಸೊಸೆಯ ಹಾಗೆ. ಹೊಲಿಗೆ ಊದಲಿನ ಕಾಳಿನಷ್ಟಿರಲಿ. ಒಂದು ಸಾಲು ಮುಗಿದ ಮೇಲೆ ಉಗುರಿನಿಂದ ಸವರಿ ಬಟ್ಟೆಯನ್ನು ಹಿಗ್ಗಿಸು, ತಿರುವಿನಲ್ಲಿ ದಾರವನ್ನು ಸಡಿಲ ಬಿಡು. ಬಿಗಿಯಾಗಿ ಎಳೆದರೆ ಒಂದೇ ಒಗೆತಕ್ಕೆ ಸುಕ್ಕುಗಟ್ಟುತ್ತದೆ. ದಾರ ಹತ್ತಿಯದೇ ಆಗಲಿ, ಎರಡು ಎಳೆ.

ಮೂರು ಅಲಸಂದೆ ಕಾಳು ಕಟ್ಟುವಷ್ಟು ಬಟ್ಟೆಯಿದ್ದರೂ ಎಸೆಯಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ನಮ್ಮ ಬೆಟ್ಟದಲ್ಲಿ ಹತ್ತಿ ಬೆಳೆಯುವುದಿಲ್ಲ. ದಕ್ಷಿಣದವರು ಉಟ್ಟು ಬಿಟ್ಟ ಹಳೆ ಬಟ್ಟೆ ಹಡಗಿನಲ್ಲಿ ಬರುತ್ತಿತ್ತು, ಅದಕ್ಕೆ ನಾವು ಕಾಯುತ್ತಿದ್ದೆವು. ಅವರ ಚಿಂದಿ ನಮಗೆ ಹೊದಿಕೆ. ಇದನ್ನು ನಿನಗೆ ಯಾಕೆ ಹೇಳುತ್ತಿದ್ದೇನೆಂದು ನನಗೂ ಗೊತ್ತಿಲ್ಲ.

ಐದನೇ ತಿಂಗಳಲ್ಲಿ, ಪಂಚಾಂಗದ ನಾಯಿಯ ದಿನ ಹೊಟ್ಟೆಗೆ ಪಟ್ಟಿ ಸುತ್ತಿಕೊಳ್ಳುವುದನ್ನು ಮರೆಯಬೇಡ. ನಾಯಿ ಹೆತ್ತಷ್ಟು ಸುಲಭವಾಗಿ ಹೆರುವೆಯಂತೆ.

ಟೊಮೆ

*

ಹಚಿನೊಹೆ
ಡಿಸೆಂಬರ್ 22

ಅತ್ತೆಯವರಿಗೆ,

ನಾಯಿಯ ದಿನ ಸೂಲಗಿತ್ತಿಯಮ್ಮ ಬಂದು ಪಟ್ಟಿ ಸುತ್ತಿದರು. ಅದಾದ ಮೂರನೇ ದಿನಕ್ಕೆ ಒಂದಿಷ್ಟು ರಕ್ತ ಕಾಣಿಸಿತು. ನಾಣ್ಯದಷ್ಟು. ಮಲಗಿಯೇ ಇರಿ ಎಂದರು. ಮಲಗಿದ್ದೆ. ಈಗ ನಿಂತಿದೆ. ನಿಮಗೆ ಹೇಳಬಾರದು ಎಂದು ನಿಮ್ಮ ಮಗ ಹೇಳಿದರು, ಆದರೆ ನನಗೆ ಎಲ್ಲವನ್ನೂ ಮುಚ್ಚಿಟ್ಟುಕೊಂಡು ಇರಲು ಆಗುವುದಿಲ್ಲ.

ಮಲಗಿದಲ್ಲೇ ಸೂಜಿ ಹಿಡಿಯುತ್ತೇನೆ. ಸಡಿಲ ಬಿಡುವುದು ಈಗ ಸ್ವಲ್ಪ ತಿಳಿಯಿತು. ಇನ್ನು ಕೆಲವು ಕೇಳುವುದಿದೆ. ಮಧ್ಯದಲ್ಲಿ ಪದರಗಳು ಎಷ್ಟಿರಬೇಕು? ಅಂಚಿನಲ್ಲಿ ಎಷ್ಟು? ಮೊದಲಿಗೆ ಅದು ಎಷ್ಟು ಉದ್ದ, ಎಷ್ಟು ಅಗಲ ಇತ್ತು? ಒಗೆದು ಒಗೆದು ಕುಗ್ಗಿರಬಹುದೇ ಎಂದು ಅನುಮಾನ, ಅದಕ್ಕೆ ಕೇಳಿದೆ. ತಲೆ ಇಡುವ ಕಡೆ ನಾರುಬಟ್ಟೆ ಬರಬೇಕೋ ಹತ್ತಿಯೋ?

ಅಲ್ಲಿ ಹಿಮ ಹೆಚ್ಚೇ? ನಿಮ್ಮ ಮಂಡಿನೋವು ಹೇಗಿದೆ?

ನಿಮ್ಮ ಸೊಸೆ
ಫುಸಾ

*

ಹಚಿನೊಹೆ
ಶೋವಾ 32 (1957), ಜನವರಿ 20

ಅತ್ತೆಯವರಿಗೆ,

ಇದೂ ಪೆಟ್ಟಿಗೆಯ ತಳಕ್ಕೆ ಹೋಗುವ ಕಾಗದ.

ನಾನು ಒಂದು ಸುಳ್ಳು ಬೊಡೊ ಹೊಲಿಯುತ್ತಿದ್ದೇನೆ. ನೀವು ಕಾಗದದಲ್ಲಿ ಹೇಳಿಕೊಟ್ಟ ಹೊಲಿಗೆಯಿಂದಲೇ ನಿಮ್ಮನ್ನು ಮೋಸಮಾಡಲು ಹೊರಟಿದ್ದೇನೆ.

ಬಟ್ಟೆ ಎಲ್ಲಿಯದು ಗೊತ್ತೇ? ದೋಣಿಯದು. ನವೆಂಬರಿನಲ್ಲಿ ನಿಮ್ಮ ಮಗನ ಪ್ಯಾಂಟು ಒಗೆಯಲು ತೆಗೆದಾಗ ಜೇಬಿನಲ್ಲಿ ಎಂಜಿನ್ ಒರೆಸಿದ ಒಂದು ಚಿಂದಿ ಸಿಕ್ಕಿತು. ಎಣ್ಣೆಯಲ್ಲಿ ಕಪ್ಪಾಗಿತ್ತು. ಬಿಸಿನೀರಿನಲ್ಲಿ ಬೂದಿ ಹಾಕಿ ನಾಲ್ಕು ಸಲ ಕುದಿಸಿದೆ. ಕೆಳಗಿನಿಂದ ನೀಲಿ ಬಣ್ಣ ಬಂತು, ಅದರ ಮೇಲೆ ಬಿಳಿ ದಾರದ ಸಾಲುಗಳು, ಕಾಳಿನಷ್ಟು ಚಿಕ್ಕವು. ದೀಪದ ಹತ್ತಿರ ಹಿಡಿದು ನೋಡಿದೆ. ನಮ್ಮದರ ತುಂಡೇ ಇರಬಹುದೇ? ಆದರೆ ಈ ಕಡೆಯ ಹಳೆ ಬಟ್ಟೆಯೆಲ್ಲ ಒಂದೇ ಥರ. ಯಾರ ಅಜ್ಜಿಯದೋ. ಹೇಗೆ ಹೇಳಲಿ?

ಅದನ್ನೇ ಮೊದಲ ತುಂಡಾಗಿ ಇಟ್ಟುಕೊಂಡೆ. ಆಮೇಲೆ ನಿಮ್ಮ ಮಗನಿಗೆ, ದೋಣಿಯಲ್ಲಿ ಹೊಲಿಗೆಯಿರುವ ಚಿಂದಿ ಕಂಡರೆ ತನ್ನಿ ಎಂದೆ. "ಬಸುರೀರಿಗೆ ಹುಳಿ ತಿನ್ನೋ ಆಸೆ ಆಗತ್ತೆ ಅಂತ ಕೇಳಿದ್ದೆ. ನಿಂಗೆ ಎಂಜಿನ್ ಚಿಂದಿ ಆಸೆ ಆಯ್ತಲ್ಲೇ!" ಎಂದು ನಕ್ಕರು. ಆದರೂ ತರುತ್ತಾರೆ. ಏನೂ ಕೇಳುವುದಿಲ್ಲ. ಅವರಿಗೂ ಹೇಳಿಲ್ಲ.

ಬೆರಳುಗಳಲ್ಲಿ ಎಣ್ಣೆ ವಾಸನೆ ಹೋಗುತ್ತಿಲ್ಲ. ರಾತ್ರಿ ಮಲಗಿದರೆ ಮಗು ಅಲುಗಾಡುತ್ತಿದೆಯೇ ಎಂದು ಕೈಯಿಟ್ಟು ನೋಡುತ್ತೇನೆ. ಅಲುಗದಿದ್ದರೆ ಎದ್ದು ಕೂತು ಇನ್ನೊಂದು ಸಾಲು ಹೊಲಿಯುತ್ತೇನೆ. ಆಗ ಒದೆಯುತ್ತದೆ. ಹೊಲಿಗೆ ನಿಲ್ಲಿಸಿದರೆ ಇದೂ ನಿಂತುಬಿಡುತ್ತದೆ ಎಂದು ನನಗೆ ಅನಿಸತೊಡಗಿದೆ.

ಫುಸಾ

*

ತೊಗಾಸಾವಾ
ಫೆಬ್ರವರಿ 6

ಫುಸಾ,

ಉದ್ದ ಅಗಲ ಎಷ್ಟು ಎಂದು ನನ್ನನ್ನು ಕೇಳುತ್ತೀಯಲ್ಲ, ನಿಮ್ಮ ಮನೆಯಲ್ಲಿ ಅಳತೆಪಟ್ಟಿ ಇಲ್ಲವೇ?

ಇರಲಿ. ನೆಲಕ್ಕೆ ಹಾಸಿದರೆ ಒಂದು ಚಾಪೆಯುದ್ದ, ಅದರಲ್ಲಿ ಒಂದು ಗೇಣು ಕಡಿಮೆ. ಅಗಲ ನನ್ನ ಎರಡು ತೋಳು ಚಾಚಿದಷ್ಟಿಲ್ಲ, ಒಂದೂವರೆ ತೋಳು. ಸೊಂಟ ಬರುವಲ್ಲಿ ಎಂಟು ಪದರ, ಅಂಚಿನಲ್ಲಿ ಮೂರು. ತಲೆಯ ಕಡೆ ನಾರುಬಟ್ಟೆ, ಒರಟಾದದ್ದು. ನೋವಿನಲ್ಲಿ ಹಿಡಿದು ಎಳೆಯಲು ಅದೇ ಬೇಕು. ಮಗು ಬೀಳುವಲ್ಲಿ ಹತ್ತಿ, ಸವೆದು ಸವೆದು ಕಿವಿಯ ಹಾಲೆಯಷ್ಟು ಮೆತ್ತಗಾದದ್ದು. ಎತ್ತಿದರೆ ಎರಡು ವರ್ಷದ ಕೂಸಿನಷ್ಟು ಭಾರ. ಅಷ್ಟು ಭಾರ ನೀನು ಎತ್ತಬೇಡ, ಶೊಕಿಚಿಗೆ ಹೇಳು.

ನಿನ್ನೆ ನಿನ್ನ ಕಾಗದಗಳನ್ನೆಲ್ಲ ಒಲೆಯ ಮುಂದೆ ಹರಡಿಕೊಂಡು ಮತ್ತೊಮ್ಮೆ ಓದಿದೆ. ಮೀನೆ, "ಅವ್ವಾ, ಅದೇನು ಕೋರ್ಟಿನ ಕಾಗದಾನಾ ಅಷ್ಟು ಸಲ ಓದೋಕೆ?" ಎಂದಳು.

ರಕ್ತ ಮತ್ತೆ ಕಾಣಿಸಿತೇ? ಅದನ್ನು ನೀನು ಬರೆದಿಲ್ಲ. ಪದರ ಎಷ್ಟು, ದಾರ ಎಷ್ಟು ಎಂದು ಕೇಳುವವಳು ಅದನ್ನೊಂದು ಬರೆಯಬಾರದೇ? ಮಗು ಒದೆಯುತ್ತಿದೆಯೇ ಎಂದು ಮುಂದಿನ ಕಾಗದದ ಮೊದಲ ಸಾಲಿನಲ್ಲೇ ಬರೆ. ಎರಡನೇ ಸಾಲಿನವರೆಗೆ ನನ್ನನ್ನು ಕಾಯಿಸಬೇಡ.

ಬೆಳಕು ಇದ್ದಾಗ ಮಾತ್ರ ಹೊಲಿ.

ಟೊಮೆ

*

ಹಚಿನೊಹೆ
ಮಾರ್ಚ್ 5

ಅತ್ತೆಯವರಿಗೆ,

ಮಗು ಒದೆಯುತ್ತಿದೆ. ರಕ್ತ ಮತ್ತೆ ಕಾಣಿಸಿಲ್ಲ.

ನೀವು ಬರುವ ವಿಷಯ. ಈ ಸಲ ಬರದಿದ್ದರೇ ಒಳ್ಳೆಯದೇನೋ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಘಟ್ಟದ ರಸ್ತೆಯಲ್ಲಿ ಇನ್ನೂ ಹಿಮ ಇದೆಯಂತೆ. ಬಸ್ಸು ಎರಡು ಕಡೆ ಬದಲಿಸಬೇಕು. ನಿಮ್ಮ ಮಂಡಿಗೆ ಅದು ಆಗುವುದಿಲ್ಲ. ನಮ್ಮದು ಆರು ಚಾಪೆ ಹಿಡಿಸುವ ಒಂದೇ ಕೋಣೆ, ಸಮುದ್ರದ ಗಾಳಿ ನೇರ ಒಳಗೆ ಬರುತ್ತದೆ, ಮೀನಿನ ವಾಸನೆಗೆ ನಿಮಗೆ ಊಟ ಸೇರುವುದಿಲ್ಲ. ತೇಪೆಯ ಬಟ್ಟೆಯನ್ನು ಅಂಚೆಯಲ್ಲಿ ಕಳಿಸಿದರೆ ನಾನೇ ನಿಮ್ಮ ಹೆಸರು ಹೇಳಿ ಹೊಲಿಯುತ್ತೇನೆ. ಅತ್ತೆಯ ಕೈಯೇ ಆಗಬೇಕೆಂದಿಲ್ಲ, ಮನಸ್ಸು ಇದ್ದರೆ ಸಾಕು ಎಂದು ಸೂಲಗಿತ್ತಿಯಮ್ಮ ಕೂಡ ಹೇಳಿದರು.

ದಯವಿಟ್ಟು ತಪ್ಪು ತಿಳಿಯಬೇಡಿ.

ಫುಸಾ

*

ತೊಗಾಸಾವಾ
ಮಾರ್ಚ್ 14

ಮಂಡಿ ನನ್ನದು, ಅದರ ಚಿಂತೆ ನಿನಗೆ ಬೇಡ. ಏಪ್ರಿಲ್ 3ಕ್ಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಮೀನು ತಿನ್ನಲು ನನಗೆ ಇನ್ನೂ ಮೂರು ಹಲ್ಲು ಉಳಿದಿವೆ.

ಟೊಮೆ

*

ತೊಗಾಸಾವಾ
ಏಪ್ರಿಲ್ 16

ಫುಸಾ,

ನಾನು ವಾಪಸು ಬಂದು ಹತ್ತು ದಿನವಾಯಿತು. ನೀನಾಗಿ ಏನಾದರೂ ಬರೆಯುತ್ತೀಯೇನೋ ಎಂದು ಕಾದೆ. ಬರೆಯಲಿಲ್ಲ. ನಾನೇ ಬರೆಯುತ್ತೇನೆ.

ನೀನು ನನಗೆ ತೋರಿಸಿದ್ದು ನಮ್ಮ ಬೊಡೊ ಅಲ್ಲ.

ಇಲ್ಲಿಯವರೆಗೆ ಓದಿ ಕಾಗದ ಕೆಳಗಿಡು. ಕೂತುಕೋ. ಒಂದು ಲೋಟ ಬಿಸಿನೀರು ಕುಡಿದು ಆಮೇಲೆ ಓದು. ನಾನು ಬೈಯಲು ಬರೆಯುತ್ತಿಲ್ಲ.

ನನಗೆ ಗೊತ್ತಾದದ್ದು ಈ ತಿಂಗಳಲ್ಲ. ನವೆಂಬರಿನಲ್ಲಿ ನಿನ್ನ ಮೊದಲ ಕಾಗದದಲ್ಲೇ ಗೊತ್ತಾಯಿತು. ಎಡಗಡೆಯ ಅಂಚು ಸವೆದಿದೆ ಎಂದು ನೀನು ಬರೆದಿದ್ದೆ. ಆ ಅಂಚನ್ನು ನಿನಗೆ ಕೊಡುವ ಹಿಂದಿನ ತಿಂಗಳಷ್ಟೇ ನಾನು ಶೊಕಿಚಿಯ ಶಾಲೆಯ ಪ್ಯಾಂಟಿನ ಬಟ್ಟೆ ಇಟ್ಟು ಹೊಸದಾಗಿ ಹೊಲಿದಿದ್ದೆ. ಅದು ಇಪ್ಪತ್ತು ವರ್ಷ ಸವೆಯುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನೀನು ಯಾರೂ ಏನೂ ಅನ್ನದೆಯೇ ಮುಟ್ಟಿಕೊಂಡೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ನನಗೆ ಹಲ್ಲುನೋವು ಎಂದು ಮೀನೆಗೆ ಹೇಳಿದೆ. ನಿನಗೂ ಅದನ್ನೇ ಬರೆದೆ. ನಿಜ ಹೇಳಿದರೆ ನಿನ್ನ ಮೇಲೆ ಬಂದ ಸಿಟ್ಟಿಗೆ ಒಲೆಯ ಮೇಲಿನ ಪಾತ್ರೆಯನ್ನು ಎತ್ತಿ ಹಾಕಿದ್ದೆ.

ಮೂರನೇ ದಿನ ನನ್ನ ಹಳೆಯ ಪಾಪ ನೆನಪಾಯಿತು.

ಅದು ತೈಶೊ ಎರಡನೇ ವರ್ಷ (1913). ನನಗೆ ಹತ್ತೊಂಬತ್ತು. ಬೇಸಿಗೆಯೇ ಬಾರದೆ ಊದಲು ಕಾಳು ಕಟ್ಟಲಿಲ್ಲ. ಗಂಡ ಹೆರಿಂಗ್ ಮೀನಿನ ಕೆಲಸಕ್ಕೆ ಹೊಕ್ಕೈದೊ ದ್ವೀಪಕ್ಕೆ ಹೊರಟ. ಮೈಮೇಲೆ ತೊಡಲು ಒಂದು ದಪ್ಪ ಅಂಗಿ ಇರಲಿಲ್ಲ. ನಾನು ಅತ್ತೆಗೆ ಹೇಳದೆ ಬೊಡೊವನ್ನು ಬಿಚ್ಚಿ, ಅದೇ ಬಟ್ಟೆಯಲ್ಲಿ ಅವನಿಗೆ ಅಂಗಿ ಹೊಲಿದುಕೊಟ್ಟೆ. ಅವನು ವಾಪಸು ಬಂದ, ಅಂಗಿ ಬರಲಿಲ್ಲ. ಆಮೇಲೆ ನಾನು ಬಸುರಿಯಾದೆ. ಮುಂದಿನ ಚಳಿಗಾಲವೆಲ್ಲ ಊರೂರು ಅಲೆದು ಚಿಂದಿ ಬೇಡಿ, ದನದ ಕೊಟ್ಟಿಗೆಯಲ್ಲಿ ಕೂತು ಇನ್ನೊಂದು ಹೊಲಿದೆ. ನೀನು ಕಳೆದದ್ದು ಅದನ್ನೇ. ಆರು ತಲೆಮಾರಿನದಲ್ಲ. ನಲವತ್ತು ವರ್ಷದ್ದು.

ಅತ್ತೆಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಹೆರಿಗೆಗೆ ಮೊದಲು ತೇಪೆ ಹಾಕಲು ಕೂತವಳು ಅದರ ಮೇಲೆಲ್ಲ ಕೈಯಾಡಿಸಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. "ಇದೇನೇ ಟೊಮೆ, ಬೊಡೊಗೆ ಪ್ರಾಯ ಬಂದ್ಬಿಟ್ಟಿದೆ!" ಎಂದಳು. ಅಷ್ಟೇ. ಸೂಜಿ ತಗೊಂಡು ಹೊಲಿದಳು. ಸಾಯುವವರೆಗೆ ಮತ್ತೆ ಮಾತೆತ್ತಲಿಲ್ಲ. ನಾನು ಬಿಚ್ಚಿದ್ದಾದರೂ ಎಷ್ಟನೇ ತಲೆಮಾರಿನದೋ, ಅವಳು ಏನು ಮಾಡಿದ್ದಳೋ, ಯಾರಿಗೆ ಗೊತ್ತು? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ.

ಆ ದಿನ ನೀನು ಮಡಿಕೆ ಬಿಚ್ಚಿ ನನ್ನ ಮುಂದೆ ಹಾಸಿದಾಗ ಎಂಜಿನ್ ಎಣ್ಣೆಯ ವಾಸನೆ ಬಂತು. "ಚೆನ್ನಾಗಿ ಇಟ್ಕೊಂಡಿದೀಯ" ಎಂದೆ. ಸುಳ್ಳಲ್ಲ. ಹೊಟ್ಟೆ ಹೊತ್ತ ಹೆಣ್ಣು ಒಂದು ಇಡೀ ಚಳಿಗಾಲ ಹೆದರಿಕೊಂಡು ಕೂತು ಹೊಲಿದದ್ದು ಬೊಡೊ ಅಲ್ಲದಿದ್ದರೆ ಇನ್ನು ಯಾವುದು ಬೊಡೊ? ನಿನ್ನ ಬೆರಳ ತುದಿಗಳನ್ನು ನೋಡಿ ನನಗೆ ಅಳು ಬಂತು. ಮೀನು ಖಾರವಾಗಿದೆ ಎಂದೆನಲ್ಲ, ಆಗ.

ಹಳೆಯದರಲ್ಲಿ ಒಂದು ಕೆಂಪು ತುಂಡಿತ್ತು, ನನ್ನ ಮದುವೆಯ ಒಳಲಂಗದ್ದು. ನೀನು ನಲವತ್ತು ಪ್ರಶ್ನೆ ಕೇಳಿದೆ, ಅದೊಂದನ್ನು ಕೇಳಲಿಲ್ಲ. ಅದರ ಉಳಿದರ್ಧವನ್ನು ತಂದಿದ್ದೆ, ಅದನ್ನೇ ಈಗ ತಲೆಯ ಕಡೆಯ ಮೂಲೆಗೆ ಹೊಲಿದದ್ದು. ಅಲ್ಲಿ ಒಂದು ನೀಲಿ ತುಂಡು ಇದೆ ನೋಡು, ಅದರ ಸಾಲುಗಳು ನನ್ನ ಕೈಯವೇ ಎಂದು ಅನಿಸಿತು. ಕಣ್ಣು ಮಂಜು, ಹೌದೆಂದು ಆಣೆ ಮಾಡಲಾರೆ. ಕೆಂಪನ್ನು ಅದಕ್ಕೆ ತಾಗಿಸಿಯೇ ಇಟ್ಟೆ.

ಇನ್ನೊಂದು ಮಾತು, ಇದೇ ಮುಖ್ಯ. ನೀನು ದಾರದ ತುದಿಗೆ ಗಂಟು ಹಾಕಿದ್ದೀಯ. ಹೊಲಿಗೆ ಶಾಲೆಯ ಬುದ್ಧಿ. ಬೊಡೊದಲ್ಲಿ ಗಂಟು ಇರಬಾರದು, ದಾರ ಮುಗಿದರೆ ಬಂದ ದಾರಿಯಲ್ಲೇ ನಾಲ್ಕು ಹೊಲಿಗೆ ಹಿಂದಕ್ಕೆ ಹೋಗಬೇಕು. ಗಂಟಿದ್ದ ಬಟ್ಟೆಯ ಮೇಲೆ ಮಗು ಇಳಿಯುವುದಿಲ್ಲ. ಹೆರುವವಳ ಜಡೆಯ ಗಂಟನ್ನೂ ಬಿಚ್ಚುತ್ತೇವೆ ನಾವು. ಇದನ್ನು ಯಾವ ಕಾಗದದಲ್ಲೂ ನಾನು ಬರೆದಿರಲಿಲ್ಲ. ಬರೆಯಬೇಕೆಂದು ತೋಚಲೇ ಇಲ್ಲ. ಉಸಿರಾಡುವುದು ಹೇಗೆಂದು ಯಾರಾದರೂ ಬರೆಯುತ್ತಾರೆಯೇ? ನೀನು ಬೀದಿಯ ಸ್ನಾನದ ಮನೆಗೆ ಹೋದ ಎರಡು ಸಂಜೆ ನಾನು ಕೂತು ಹುಡುಕಿದೆ. ಹನ್ನೊಂದು ಗಂಟು ಸಿಕ್ಕವು. ಹನ್ನೊಂದನ್ನೂ ಬಿಚ್ಚಿ ಹಿಂದಕ್ಕೆ ಹೊಲಿದಿದ್ದೇನೆ. ಇನ್ನು ಹೆದರಬೇಡ.

ಆದರೂ ನನಗೆ ಹೆದರಿಕೆಯಿದೆ. ನಿನಗೆ ಹೆದರಬೇಡ ಎಂದು ಬರೆಯುವವರು ಯಾರಾದರೂ ಇದ್ದಾರಲ್ಲ, ನನಗೆ ಯಾರು ಬರೆಯುತ್ತಾರೆ?

ಟೊಮೆ

*

ಹಚಿನೊಹೆ
ಮೇ 31

ಅವ್ವಾ,

ನಿನ್ನೆ ಬೆಳಿಗ್ಗೆಯಿಂದ ನೋವು. ಇವತ್ತು ಮಧ್ಯಾಹ್ನವಾದರೂ ಮಗು ಇಳಿದಿಲ್ಲ. ಹೆರಿಗೆ ಮನೆಗೆ ಕರೆದುಕೊಂಡು ಬಂದಿದ್ದೇವೆ. ಡಾಕ್ಟರು ಒಳಗೆ ಹೋಗುತ್ತಾರೆ, ಬರುತ್ತಾರೆ, ನನ್ನ ಮುಖ ನೋಡುವುದಿಲ್ಲ. ಫುಸಾ ಚಿಂದಿ ಕೌದಿ ಬೇಕೇ ಬೇಕೆಂದು ಹಟ ಹಿಡಿದಳು. ನಾನೇ ಹೊತ್ತು ತಂದೆ. ನರ್ಸ್ ಒಳಗೆ ಬಿಡಲಿಲ್ಲ, ವಯಸ್ಸಾದ ಸೂಲಗಿತ್ತಿಯಮ್ಮ ಬಂದು ಒಳಗೆ ತೆಗೆದುಕೊಂಡು ಹೋದರು. ದೋಣಿ ನಾನಿಲ್ಲದೆ ಹೊರಟಿದೆ. ಎಂಜಿನ್ ಬಗ್ಗೆ ಬರೆಯಲು ಏನೂ ಇಲ್ಲ.

ಶೊಕಿಚಿ

*

ಹಚಿನೊಹೆ
ಜೂನ್ 9

ಅತ್ತೆ,

ಟೆಲಿಗ್ರಾಮ್ ತಲುಪಿರಬೇಕು. ಅದರಲ್ಲಿ 'ಹೆಣ್ಣು, ಇಬ್ಬರೂ ಕ್ಷೇಮ' ಎಂದಷ್ಟೇ ಇತ್ತು. ಉಳಿದದ್ದನ್ನು ಕೂರಲು ಆದ ಕೂಡಲೇ ನಾನೇ ಬರೆಯಬೇಕೆಂದು ಇಟ್ಟುಕೊಂಡಿದ್ದೆ.

ಏಪ್ರಿಲಿನ ನಿಮ್ಮ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಆರು ಸಲ ಶುರುಮಾಡಿ ಹರಿದೆ. ನಾಚಿಕೆ ಒಂದು ಕಡೆ, ನಿಮ್ಮ ಮೇಲೆ ಸಿಟ್ಟೂ ಬಂತು, ಗೊತ್ತಿದ್ದೂ ಇಡೀ ಚಳಿಗಾಲ ಸುಮ್ಮನಿದ್ದರಲ್ಲ ಎಂದು. ಆಮೇಲೆ ದನದ ಕೊಟ್ಟಿಗೆಯಲ್ಲಿ ಕೂತ ಹತ್ತೊಂಬತ್ತರ ಹುಡುಗಿಯನ್ನು ನೆನೆದು ಅತ್ತುಬಿಟ್ಟೆ. ನಿಮ್ಮ ಮಗನಿಗೆ ಎಲ್ಲವನ್ನೂ ಹೇಳಿದೆ. ಅವರು ಸಾರಿನ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, "ಆರು ತಲೆಮಾರಿಗೆ ಎರಡೇ ಬಟ್ಟಲಾ? ಚೌಕಾಸಿ ಮಾಡೋಕೂ ಬರಲ್ವಲ್ಲೇ ನಿಂಗೆ" ಅಂದರು.

ಹೆರಿಗೆ ಮನೆಯಲ್ಲಿ ನರ್ಸ್ ಹುಡುಗಿ, "ಈ ಕೊಳಕನ್ನ ಒಳಗೆ ಯಾರಪ್ಪ ತಂದಿದ್ದು?" ಎಂದು ಕೂಗಿದಳು. ಸೂಲಗಿತ್ತಿಯಮ್ಮ ಅದನ್ನು ಮೂಸಿ, "ನಿಮ್ಮಜ್ಜಿ ನಿಮ್ಮಪ್ಪನ್ನ ಹೆತ್ತಿದ್ದು ಇಂಥದ್ರ ಮೇಲೇ ಕಣೇ, ಬಾಯ್ಮುಚ್ಚು" ಎಂದು ಎರಡು ಮಡಿಕೆ ಮಾಡಿ ರಬ್ಬರ್ ಹಾಸಿನ ಕೆಳಗೆ ತುರುಕಿದರು. ತಲೆಯ ಕಡೆಯ ಮೂಲೆಯನ್ನು ಮಾತ್ರ ನನ್ನ ಕೈಗೆ ಕೊಟ್ಟರು, ಹಿಡಿದುಕೊಳ್ಳಲು.

ಎರಡನೇ ದಿನ ಸಂಜೆಯ ಹೊತ್ತಿಗೆ ನನಗೆ ಕೂಗಲೂ ಶಕ್ತಿ ಇರಲಿಲ್ಲ. ಮಗುವಿನ ಎದೆಬಡಿತ ನಿಧಾನವಾಗುತ್ತಿದೆ ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ನನಗೆ ಕೇಳಿಸದಿರಲಿ ಎಂದು ಮೆಲ್ಲಗೆ ಹೇಳಿದರು, ಅದಕ್ಕೇ ಚೆನ್ನಾಗಿ ಕೇಳಿಸಿತು. ನಾನು ಆ ಮೂಲೆಯನ್ನು ಬಿಗಿಯಾಗಿ ಹಿಡಿದೆ. ಹೆಬ್ಬೆರಳಿಗೆ ಏನೋ ತಾಗಿತು. ಕೆಂಪು ಬಟ್ಟೆಯ ಕೆಳಗೆ. ಒಂದು ಊದಲು ಕಾಳಿನಷ್ಟು ಗಟ್ಟಿ.

ಅತ್ತೆ, ನೀವು ಹನ್ನೊಂದು ಎಣಿಸಿದಿರಿ. ನಾನು ಹನ್ನೆರಡು ಹಾಕಿದ್ದೆ. ಆ ನೀಲಿ ತುಂಡಿನ ಮೇಲೆ ನಾನು ಹಾಕಿದ ಮೊಟ್ಟಮೊದಲ ಗಂಟು ಅದು. ನಿಮಗೆ ಕಾಣದೆ, ಅದರ ಮೇಲೆಯೇ ನೀವು ನಿಮ್ಮ ತೇಪೆ ಹೊಲಿದಿದ್ದಿರಿ.

ಹಲ್ಲಿನಿಂದ ಕಚ್ಚಿದೆ. ನೋವು ಬಂದಾಗ ಕಚ್ಚಿದೆ, ಬಿಟ್ಟಾಗಲೂ ಕಚ್ಚಿದೆ. ನರ್ಸ್ ನಾನು ಹುಚ್ಚಿಯಾದೆ ಎಂದುಕೊಂಡು ಬಟ್ಟೆ ಕಿತ್ತುಕೊಳ್ಳಲು ಬಂದಳು, ಸೂಲಗಿತ್ತಿಯಮ್ಮ ಬಿಡಲಿಲ್ಲ. ಮೊದಲು ನಿಮ್ಮ ಹೊಲಿಗೆ ಹರಿಯಿತು, ಒಂದೊಂದಾಗಿ. ಆಮೇಲೆ ಒಳಗಿನ ಗಂಟು ನಾಲಿಗೆಗೆ ಸಿಕ್ಕಿತು. ಎಣ್ಣೆಯ ರುಚಿ. ಅದು ಕಿತ್ತು ಬಾಯಿಗೆ ಬಂದ ಮೇಲೆ ನಾನು ಎಷ್ಟು ಸಲ ಉಸಿರೆಳೆದೆನೋ ಗೊತ್ತಿಲ್ಲ. ಮಗು ಅತ್ತಿತು.

ಸರಿಯಾದ ಹೊತ್ತಿಗೆ ಚುಚ್ಚುಮದ್ದು ಕೆಲಸ ಮಾಡಿತು ಎಂದು ಡಾಕ್ಟರು ಹೇಳುತ್ತಾರೆ. ಹೇಳಲಿ. ಅವರಿಗೂ ನಮಸ್ಕಾರ ಮಾಡಿದ್ದೇನೆ.

ಅವಳಿಗೆ ನಿಮ್ಮ ಗಲ್ಲ. ಸಿಟ್ಟೂ ನಿಮ್ಮದೇ. ಹೆಸರು ಇನ್ನೂ ಇಟ್ಟಿಲ್ಲ.

ಕೆಂಪು ತೇಪೆ ಈಗ ಒಂದು ಕಡೆ ಬಿಚ್ಚಿ ನೇತಾಡುತ್ತಿದೆ. ನಿಮ್ಮ ಹದಿನಾಲ್ಕು ಹೊಲಿಗೆ ನನ್ನ ಹಲ್ಲಿಗೆ ಹೋದವು. ಅದನ್ನು ನಾನು ಹೊಲಿಯುವುದಿಲ್ಲ. ಘಟ್ಟದ ರಸ್ತೆಯಲ್ಲಿ ಹಿಮ ಕರಗಿದೆಯಂತೆ. ಬಸ್ಸು ಎರಡೇ ಕಡೆ ಬದಲಿಸಬೇಕು. ಆರು ಚಾಪೆಯ ಕೋಣೆ ನಾಲ್ಕು ಜನಕ್ಕೆ ಬೇಕಾದಷ್ಟಾಯಿತು, ಸಮುದ್ರದ ಗಾಳಿಯೂ ಈಗ ಬೆಚ್ಚಗಿದೆ. ನಿಮ್ಮ ಸೂಜಿ ತಗೊಂಡು ಬನ್ನಿ, ಅತ್ತೆ. ಬೇಗ ಬನ್ನಿ.

ಫುಸಾ